ಹೆಡ್‌ಮಾಸ್ತರರಿಗೆ ಕಾನೂನು ಏನು ಹೇಳುತ್ತದೆ?

ಮಗುವನ್ನು ಸರಕಾರಿ ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರ ಕೋಣೆಗೆ ಹೋಗುವ ತಾಯಂದಿರಲ್ಲಿ ಹೆಚ್ಚಿನವರು ಮತ್ತೆ ಆ ಬಾಗಿಲಿಗೆ ಹೋಗುವುದು ಟಿ.ಸಿ. ಬೇಕಾದಾಗ ಮಾತ್ರ. ನಡುವಿನ ಏಳೆಂಟು ವರ್ಷ ಅಲ್ಲಿ ಏನು ನಡೆಯುತ್ತದೆ, ಯಾರು ತೀರ್ಮಾನಿಸುತ್ತಾರೆ, ಬಂದ ಹಣ ಎಲ್ಲಿ ಖರ್ಚಾಗುತ್ತದೆ ಎಂಬುದೆಲ್ಲ ನಮಗೆ ಸಂಬಂಧಪಡದ ವಿಷಯವೆಂದೇ ನಾವು ತಿಳಿದಿರುತ್ತೇವೆ. “ಅವರು ಕಲಿತವರು, ನಾವೇನು ಕೇಳುವುದು?” ಎಂಬ ಸಂಕೋಚ ಒಂದೆಡೆ. “ಮಕ್ಕಳ ಅಪ್ಪ ಗಲ್ಫಿನಿಂದ ಬರಲಿ, ಆಮೇಲೆ ನೋಡೋಣ” ಎಂಬ ಸಬೂಬು ಇನ್ನೊಂದೆಡೆ.

ಆದರೆ ಕಳೆದ ಎರಡೂವರೆ ದಶಕಗಳಲ್ಲಿ ಆ ಕೋಣೆಯೊಳಗಿನ ಕುರ್ಚಿಯ ಸುತ್ತ ಕಾನೂನು ಬಹಳಷ್ಟು ಬದಲಾಗಿದೆ. ಹಿಂದೆ ಹೆಡ್‌ಮಾಸ್ತರರು ಉತ್ತರ ಕೊಡಬೇಕಾಗಿದ್ದುದು ಮೇಲಧಿಕಾರಿಗಳಿಗೆ ಮಾತ್ರ. ಈಗ ಮಗುವಿನ ತಾಯಿಗೂ ಉತ್ತರ ಕೊಡಬೇಕು. ಹೇಗೆಂದು ನೋಡೋಣ.

ಸಮಿತಿ ಎಂದರೆ ಸಹಿ ಮಾತ್ರವೇ?

ನಮ್ಮ ರಾಜ್ಯದಲ್ಲಿ ಬದಲಾವಣೆಯ ಆರಂಭ 2001ರಲ್ಲಿ. ಡಾ. ರಾಜಾರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ನಾವೆಲ್ಲ ಹೇಳುವ ಎಸ್‌ಡಿಎಂಸಿ ರಚಿಸುವಂತೆ ಸರಕಾರ ಆದೇಶ ಹೊರಡಿಸಿತು. ಅಲ್ಲಿ ಕಲಿಯುವ ಮಕ್ಕಳ ಹೆತ್ತವರೇ ಸದಸ್ಯರು, ಅವರಲ್ಲೊಬ್ಬರು ಅಧ್ಯಕ್ಷರು. ಹೆಡ್‌ಮಾಸ್ತರರು ಸದಸ್ಯ ಕಾರ್ಯದರ್ಶಿ. ಊರಿನ ಧನಿಕರು ಅಥವಾ ರಾಜಕೀಯದವರು ಶಾಲೆಯ ಸಮಿತಿ ನಡೆಸುತ್ತಿದ್ದ ಕಾಲಕ್ಕೆ ಇದು ದೊಡ್ಡ ಬದಲಾವಣೆಯೇ ಸರಿ.

ಅದು ರಾಜ್ಯದ ಆದೇಶ ಮಾತ್ರವಾಗಿತ್ತು. 2009ರಲ್ಲಿ ಸಂಸತ್ತು ಅಂಗೀಕರಿಸಿದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಇದಕ್ಕೆ ಕಾನೂನಿನ ಬಲ ಬಂತು. ಆ ಕಾಯ್ದೆಯ 21ನೇ ಕಲಮಿನಂತೆ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರು ಅಥವಾ ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಾಗಿರಬೇಕು. ಶಾಲೆಯ ಕೆಲಸಕಾರ್ಯಗಳ ಮೇಲೆ ನಿಗಾ ಇಡುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು, ಸರಕಾರದಿಂದಲೋ ಬೇರೆಡೆಯಿಂದಲೋ ಬಂದ ಹಣ ಸರಿಯಾಗಿ ಬಳಕೆಯಾಯಿತೇ ಎಂದು ನೋಡುವುದು ಸಮಿತಿಯ ಕೆಲಸ. ಕರ್ನಾಟಕ 2012ರಲ್ಲಿ ಈ ಕಾಯ್ದೆಗೆ ತನ್ನದೇ ನಿಯಮಗಳನ್ನು ರೂಪಿಸಿತು.

ಅರ್ಧ ಮಹಿಳೆಯರು ಎಂಬ ಮಾತನ್ನು ಇನ್ನೊಮ್ಮೆ ಓದಿ. ಕಾಗದದಲ್ಲಿ ಇದು ಬಹುತೇಕ ಶಾಲೆಗಳಲ್ಲಿ ಪಾಲನೆಯಾಗಿದೆ. ನಿಜದಲ್ಲಿ? ಪಟ್ಟಿಯಲ್ಲಿ ಹೆಂಡತಿಯ ಹೆಸರು, ಸಭೆಗೆ ಗಂಡ. ಅಥವಾ ಗಂಡನೂ ಇಲ್ಲ, ಶಾಲೆಯ ಹುಡುಗನ ಕೈಯಲ್ಲಿ ರಿಜಿಸ್ಟರ್ ಪುಸ್ತಕ ಮನೆಗೇ ಬರುತ್ತದೆ, ಅಡುಗೆಕೋಣೆಯಿಂದ ಕೈ ಒರೆಸಿಕೊಂಡು ಬಂದು ಅಮ್ಮ ಸಹಿ ಹಾಕುತ್ತಾಳೆ. ಯಾವುದಕ್ಕೆ ಹಾಕಿದೆನೆಂದು ಅವಳಿಗೂ ಗೊತ್ತಿಲ್ಲ. ಇದರಲ್ಲಿ ಹೆಡ್‌ಮಾಸ್ತರರದ್ದು ಮಾತ್ರ ತಪ್ಪೆಂದು ನನಗನಿಸುವುದಿಲ್ಲ. ಸಭೆಗೆ ಕರೆದರೆ ಬರುವವರಿಲ್ಲ ಎಂಬ ಅವರ ದೂರಿನಲ್ಲೂ ಸತ್ಯವಿದೆ.

ಸಮಿತಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದು ಎಷ್ಟು ದೊಡ್ಡ ಪ್ರಶ್ನೆಯೆಂದು ನಮ್ಮ ಹೆಣ್ಣುಮಕ್ಕಳಿಗೆ 2022ರಲ್ಲಿ ಅರಿವಾಯಿತು. ಆ ವರ್ಷದ ಫೆಬ್ರವರಿ 5ರ ಸರಕಾರಿ ಆದೇಶ ಪದವಿಪೂರ್ವ ಕಾಲೇಜುಗಳಲ್ಲಿ ಸಮವಸ್ತ್ರ ನಿರ್ಧರಿಸುವ ವಿಷಯವನ್ನು ಕಾಲೇಜು ಅಭಿವೃದ್ಧಿ ಸಮಿತಿಗಳಿಗೆ ಬಿಟ್ಟಿತು. ಆ ಸಮಿತಿಗೆ ಅಧ್ಯಕ್ಷರು ಸ್ಥಳೀಯ ಶಾಸಕರು. ಪ್ರಾಂಶುಪಾಲರು ಗೇಟಿನಲ್ಲಿ ನಿಂತು ಮಕ್ಕಳನ್ನು ತಡೆದದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಪ್ರಕರಣ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಗಿ, 2022ರ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳಿಂದ ಎರಡು ಭಿನ್ನ ತೀರ್ಪು ಬಂದದ್ದು ನಿಮಗೆ ನೆನಪಿರಬಹುದು. ಕಾಲೇಜಿನ ಸಮಿತಿಗೂ ಶಾಲೆಯ ಎಸ್‌ಡಿಎಂಸಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಒಂದರಲ್ಲಿ ಶಾಸಕರು ಅಧ್ಯಕ್ಷರು, ಇನ್ನೊಂದರಲ್ಲಿ ಹೆತ್ತವರು. ಆ ಹೆತ್ತವರು ನೀವೂ ಆಗಬಹುದು.

ಟಿ.ಸಿ. ತಡವಾದರೆ

ಈಗ ದಿನನಿತ್ಯದ ವಿಷಯಕ್ಕೆ ಬರೋಣ. ಗಂಡನ ಮನೆ ಬಿಟ್ಟು ತವರಿಗೆ ಮರಳಿದ ತಾಯಿ, ಬಾಡಿಗೆ ಮನೆ ಬದಲಿಸಿದ ಕುಟುಂಬ, ಕೂಲಿಗಾಗಿ ಊರು ಬಿಟ್ಟವರು, ಇವರೆಲ್ಲರ ಮಕ್ಕಳು ವರ್ಷದ ನಡುವೆ ಶಾಲೆ ಬದಲಿಸಬೇಕಾಗುತ್ತದೆ. “ತಂದೆಯೇ ಬಂದು ಸಹಿ ಹಾಕಲಿ”, “ಮುಂದಿನ ವಾರ ಬನ್ನಿ”, “ನಡುವರ್ಷದಲ್ಲಿ ಕೊಡಲಾಗದು” ಎಂಬ ಮಾತು ಕೇಳಿ ಹಿಂತಿರುಗಿದವರು ಎಷ್ಟು ಮಂದಿ!

ಕಾಯ್ದೆಯ 5ನೇ ಕಲಮು ಇದಕ್ಕೆ ನೇರ ಉತ್ತರ ಕೊಡುತ್ತದೆ. ಯಾವುದೇ ಕಾರಣಕ್ಕಾಗಿ ಮಗು ಶಾಲೆ ಬದಲಿಸಬೇಕಾದರೆ ರಾಜ್ಯದ ಒಳಗೂ ಹೊರಗೂ ಇನ್ನೊಂದು ಸರಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಹಕ್ಕು ಅದಕ್ಕಿದೆ. ಹೆಡ್‌ಮಾಸ್ತರರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ತಡ ಮಾಡಿದರೆ ಸೇವಾ ನಿಯಮದಂತೆ ಅವರ ಮೇಲೆ ಶಿಸ್ತುಕ್ರಮ ಕೈಗೊಳ್ಳಬಹುದೆಂದು ಕಾಯ್ದೆಯಲ್ಲೇ ಬರೆದಿದೆ. ಇಷ್ಟೇ ಅಲ್ಲ, ಟಿ.ಸಿ. ಇನ್ನೂ ಬಂದಿಲ್ಲವೆಂಬ ಕಾರಣಕ್ಕೆ ಹೊಸ ಶಾಲೆಯವರು ದಾಖಲಾತಿ ನಿರಾಕರಿಸುವಂತಿಲ್ಲ, ತಡಮಾಡುವಂತೆಯೂ ಇಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದೆ ಕಳಿಸುವುದನ್ನು 14ನೇ ಕಲಮು ತಡೆಯುತ್ತದೆ. ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ 17ನೇ ಕಲಮು ನಿಷೇಧಿಸುತ್ತದೆ. “ನಾಲ್ಕು ಬಾರಿಸಿ ಬುದ್ಧಿ ಕಲಿಸಿ ಸಾರ್” ಎಂದು ನಾವೇ ಹೇಳಿ ಬರುತ್ತೇವಲ್ಲ, ಆ ಅನುಮತಿ ಕೊಡಲು ನಮಗೂ ಅಧಿಕಾರವಿಲ್ಲ.

ಒಂದನೇ ತರಗತಿಯ ವಯಸ್ಸಿನ ಗೊಂದಲ ಹಲವು ಮನೆಗಳನ್ನು ಕಾಡಿತು. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ರಾಜ್ಯ ಸರಕಾರ 2022ರಲ್ಲಿ ಆದೇಶಿಸಿತ್ತು. ಅದು ಜಾರಿಯಾಗಬೇಕಾಗಿದ್ದ 2025–26ರಲ್ಲಿ ಹೆತ್ತವರ ಒತ್ತಾಯಕ್ಕೆ ಮಣಿದು ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಬೈಗುಳ ತಿಂದವರು ಮಾತ್ರ ಶಾಲೆಯ ಮೇಜಿನ ಹಿಂದಿದ್ದವರು.

ಫೇಲು, ಪಾಸು

ಎಂಟನೇ ತರಗತಿಯವರೆಗೆ ಯಾರನ್ನೂ ಫೇಲು ಮಾಡಬಾರದೆಂದು 2009ರ ಕಾಯ್ದೆ ಹೇಳಿತ್ತು. 2019ರ ತಿದ್ದುಪಡಿ ಅದನ್ನು ಸಡಿಲಿಸಿತು. ಐದು ಮತ್ತು ಎಂಟನೇ ತರಗತಿಗೆ ವರ್ಷದ ಕೊನೆಯಲ್ಲಿ ಪರೀಕ್ಷೆ ನಡೆಸಿ, ಅನುತ್ತೀರ್ಣರಿಗೆ ಹೆಚ್ಚಿನ ಬೋಧನೆ ಕೊಟ್ಟು ಫಲಿತಾಂಶ ಬಂದ ಎರಡು ತಿಂಗಳೊಳಗೆ ಮರುಪರೀಕ್ಷೆ ಮಾಡಬೇಕು. ಆಮೇಲೂ ತೇರ್ಗಡೆಯಾಗದವರನ್ನು ಅದೇ ತರಗತಿಯಲ್ಲಿ ಉಳಿಸಬೇಕೇ ಬೇಡವೇ ಎಂಬುದು ರಾಜ್ಯಕ್ಕೆ ಬಿಟ್ಟದ್ದು. ನಮ್ಮಲ್ಲಿ 2023–24ರಲ್ಲಿ 5, 8, 9ನೇ ತರಗತಿಗಳಿಗೆ ಬೋರ್ಡ್ ಪರೀಕ್ಷೆ ನಡೆಸಲು ಹೊರಟು ಹೈಕೋರ್ಟಿನಲ್ಲಿ ಒಮ್ಮೆ ರದ್ದಾಗಿ, ಮತ್ತೊಮ್ಮೆ ಅನುಮತಿ ಸಿಕ್ಕಿ, ಕೊನೆಗೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶ ಪ್ರಕಟಣೆಗೇ ತಡೆ ನೀಡಿತು. ಆ ತಿಂಗಳುಗಳಲ್ಲಿ ಮಕ್ಕಳು ಓದಬೇಕೋ ಬೇಡವೋ ಎಂದು ಮನೆಯಲ್ಲಿ ಕೇಳುತ್ತಿದ್ದ ಪ್ರಶ್ನೆಗೆ ಶಾಲೆಯಲ್ಲೂ ಉತ್ತರವಿರಲಿಲ್ಲ. ನೀವು ನೆನಪಿಡಬೇಕಾದ್ದು ಒಂದೇ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವ ಅಧಿಕಾರ ತಿದ್ದುಪಡಿಯ ನಂತರವೂ ಯಾರಿಗೂ ಇಲ್ಲ.

ಮುಚ್ಚಿಟ್ಟರೆ ಜೈಲು

ಇದನ್ನು ಬರೆಯಲು ಮನಸ್ಸು ಭಾರವಾಗುತ್ತದೆ, ಆದರೂ ಬರೆಯಲೇಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯುವ ಪೋಕ್ಸೋ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಇಂಥ ಕೃತ್ಯ ನಡೆದದ್ದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ವರದಿ ಮಾಡದಿದ್ದರೆ ಶಿಕ್ಷೆ ಒಂದು ವರ್ಷದವರೆಗೆ, ಜೊತೆಗೆ ದಂಡ. “ಶಾಲೆಯ ಮರ್ಯಾದೆ ಹೋಗುತ್ತದೆ, ನಿಮ್ಮ ಹುಡುಗಿಯ ಭವಿಷ್ಯಕ್ಕೂ ಒಳ್ಳೆಯದಲ್ಲ, ಇಲ್ಲೇ ಮುಗಿಸೋಣ” ಎಂದು ಯಾರಾದರೂ ಹೇಳಿದರೆ, ಹಾಗೆ ಮುಗಿಸುವುದೇ ಅಪರಾಧ ಎಂಬುದು ನಿಮಗೆ ತಿಳಿದಿರಲಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಅವರ ಕಡೆಯೂ ನೋಡೋಣ

ಇಷ್ಟೆಲ್ಲ ಹೇಳಿದ ಮೇಲೆ ಹೆಡ್‌ಮಾಸ್ತರರ ಪಾಡನ್ನೂ ಹೇಳದಿದ್ದರೆ ಅನ್ಯಾಯವಾದೀತು. ಶಾಲೆಗೆ ಇರಬೇಕಾದ ಸೌಲಭ್ಯಗಳ ಪಟ್ಟಿಯಲ್ಲಿ ಕಾಯ್ದೆ ಅವರಿಗೆ ಕೊಟ್ಟಿರುವುದು ಒಂದೇ ಕೋಣೆ. ಅದೇ ಕಚೇರಿ, ಅದೇ ಉಗ್ರಾಣ, ಅದೇ ಮುಖ್ಯೋಪಾಧ್ಯಾಯರ ಕೊಠಡಿ. ಪೂರ್ಣಾವಧಿ ಹೆಡ್‌ಮಾಸ್ತರರೂ ಎಲ್ಲ ಶಾಲೆಗಿಲ್ಲ. ಒಂದರಿಂದ ಐದನೇ ತರಗತಿಯವರೆಗೆ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಆರರಿಂದ ಎಂಟರಲ್ಲಿ 100 ದಾಟಿದರೆ ಮಾತ್ರ. ಚಿಕ್ಕ ಶಾಲೆಗಳಲ್ಲಿ, ನಮ್ಮ ಅನೇಕ ಉರ್ದು ಶಾಲೆಗಳಲ್ಲಿ ಕೂಡ, ಪಾಠ ಮಾಡುವವರೇ ಪ್ರಭಾರಿ ಮುಖ್ಯೋಪಾಧ್ಯಾಯರು. ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದು ಕೈಯಲ್ಲಿ ಮೊಬೈಲಿನಲ್ಲಿ ಮಕ್ಕಳ ವಿವರ ತುಂಬುವ ಸ್ಯಾಟ್ಸ್.

ಮೊಟ್ಟೆಯ ಕತೆಯನ್ನೇ ನೋಡಿ. ಬಿಸಿಯೂಟದ ಜೊತೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಕಾರ್ಯಕ್ರಮ 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್‌ನ ನೆರವಿನಿಂದ ಆರಂಭವಾಯಿತು. ನಮ್ಮ ಮಕ್ಕಳ ಹೊಟ್ಟೆಗೆ ಬಿದ್ದ ಒಳ್ಳೆಯ ಯೋಜನೆ. ಆದರೆ ಒಂದು ಮೊಟ್ಟೆಗೆ ನಿಗದಿಯಾದದ್ದು ಆರು ರೂಪಾಯಿ. ಅದರಲ್ಲೇ ತರಬೇಕು, ಬೇಯಿಸಬೇಕು, ಸುಲಿಯಬೇಕು. ಅಂಗಡಿಗೆ ಹೋಗುವ ನಿಮಗೆ ಬೆಲೆ ಏರಿದಾಗ ಏನಾಗುತ್ತದೆಂದು ಹೇಳಿಕೊಡಬೇಕಾಗಿಲ್ಲ. ಕೊರತೆಯನ್ನು ತಮ್ಮ ಜೇಬಿನಿಂದ ತುಂಬುತ್ತಿದ್ದೇವೆಂದು ಹೆಡ್‌ಮಾಸ್ತರರು ಬಹಿರಂಗವಾಗಿಯೇ ದೂರಿಕೊಂಡರು.

ಶಿಕ್ಷಕರನ್ನು ಜನಗಣತಿ, ಚುನಾವಣೆ, ವಿಕೋಪ ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ 27ನೇ ಕಲಮು. ಆದರೆ 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮನೆಮನೆ ಸುತ್ತಿದವರು ಅವರೇ. ಅದಕ್ಕಾಗಿ ಸರಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಕು, ಅದರಲ್ಲಿ ನಮ್ಮ ಸಮುದಾಯದ ಹಿತವೂ ಇದೆ. ಕಳೆದುಹೋದ ಪಾಠದ ದಿನಗಳ ಲೆಕ್ಕವನ್ನೂ ಯಾರಾದರೂ ಇಡಬೇಕಲ್ಲವೇ?

ಬಡ್ತಿಯ ದಾರಿಯೂ ಕಿರಿದಾಗಿದೆ. 2017ರ ವೃಂದ ಮತ್ತು ನೇಮಕಾತಿ ನಿಯಮದಿಂದ, ಒಂದರಿಂದ ಏಳನೇ ತರಗತಿಗೆಂದು ನೇಮಕವಾಗಿದ್ದ ಶಿಕ್ಷಕರು ಒಂದರಿಂದ ಐದರ ವೃಂದಕ್ಕೆ ಸೇರಿಹೋದೆವೆಂದು ಹಲವು ವರ್ಷಗಳಿಂದ ಹೋರಾಡಿದರು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಐದು ವರ್ಷಕ್ಕಿಂತ ಹೆಚ್ಚು ಸೇವಾವಧಿ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ ಪಾಸಾಗಬೇಕೆಂದು ತೀರ್ಪಿತ್ತಿತು. ಅದಕ್ಕಿಂತ ಕಡಿಮೆ ಸೇವೆ ಉಳಿದವರಿಗೂ ಬಡ್ತಿ ಬೇಕಾದರೆ ಟಿಇಟಿ ಬೇಕು. ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಆ ನಿಲುವನ್ನು ಮರುಪರಿಶೀಲಿಸಬೇಕೆಂದು ಇದೇ ತೀರ್ಪು ವಿಷಯವನ್ನು ದೊಡ್ಡ ಪೀಠದ ಮುಂದಿಡಲು ಸೂಚಿಸಿತು. ನಿಮ್ಮ ಮಕ್ಕಳು ಸಮುದಾಯದ ಶಾಲೆಯಲ್ಲಿದ್ದರೆ ಇದು ನಿಮಗೆ ನೇರವಾಗಿ ತಟ್ಟುವ ವಿಷಯ. ಮದ್ರಸಾಗಳನ್ನು ಮಾತ್ರ 2012ರ ತಿದ್ದುಪಡಿಯೇ ಕಾಯ್ದೆಯಿಂದ ಹೊರಗಿಟ್ಟಿದೆ.

ಮುಂದಿನ ಸಭೆಗೆ

ಸಹೋದರಿಯರೇ, ಹೆಡ್‌ಮಾಸ್ತರರೊಡನೆ ಜಗಳಕ್ಕೆ ನಿಲ್ಲಿ ಎಂದು ಇದನ್ನು ಬರೆದಿಲ್ಲ. ಪೋಷಕರ ಸಭೆಯ ಚೀಟಿ ಬಂದಾಗ ಹೋಗಿ. ಸಮಿತಿಯಲ್ಲಿದ್ದರೆ ಬದಲಿಗೆ ಯಾರನ್ನೂ ಕಳಿಸಬೇಡಿ. ಕಳೆದ ಸಭೆಯ ನಡವಳಿಯನ್ನು ಓದಿ ಹೇಳಿ ಎಂದು ಕೇಳಿ, ಓದಿದ ಮೇಲೆ ಸಹಿ ಹಾಕಿ. ಈ ವರ್ಷ ಬಂದ ಹಣವೆಷ್ಟು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿದೆಯೇ, ಗಣಿತಕ್ಕೆ ಮಾಸ್ತರರಿದ್ದಾರೆಯೇ ಎಂಬ ಮೂರು ಪ್ರಶ್ನೆ ಸಾಕು. ಮಾತನಾಡಲು ಕನ್ನಡ ಸರಿಯಾಗಿ ಬರದಿದ್ದರೆ ಬ್ಯಾರಿಯಲ್ಲೋ ಉರ್ದುವಿನಲ್ಲೋ ಕೇಳಿ, ಪಕ್ಕದಲ್ಲಿ ಕುಳಿತವರು ತಿಳಿಸಿ ಹೇಳುತ್ತಾರೆ. ಮಾತಿನಲ್ಲಿ ಬಗೆಹರಿಯದಿದ್ದರೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಮೂರು ತಿಂಗಳೊಳಗೆ ಅದನ್ನು ತೀರ್ಮಾನಿಸಬೇಕೆಂದು 32ನೇ ಕಲಮು ಹೇಳುತ್ತದೆ. ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಇದೆ. ದೂರಿನ ಪ್ರತಿಯೊಂದನ್ನು ತಾರೀಕು ಹಾಕಿಸಿ, ಸೀಲು ಒತ್ತಿಸಿ ಮನೆಯಲ್ಲಿ ಇಟ್ಟುಕೊಳ್ಳಿ.