ನಿಮಗಿದು ಗೊತ್ತೆ? ನೇಮಕಲ್ಲಿನ ದಾರಿ ತೋರಿಸುವುದರಲ್ಲಿ ಐನ್‌ಸ್ಟೈನ್ ಪಾಲೂ ಇದೆ!

ಶ್ರಾವಣ ಶನಿವಾರ ಕಸಾಪುರ, ಮುರಡಿ, ನೇಮಕಲ್ಲು, ಈ ಮೂರೂ ಊರಿನ ಆಂಜನೇಯನನ್ನು ಒಂದೇ ದಿನ ನೋಡಿಬರುವ ಭಕ್ತರಿಗೆ ಈಗ ಮೊಬೈಲ್ ಮ್ಯಾಪೇ ದಾರಿ ಹೇಳುತ್ತದೆ. ಮೊಬೈಲಿಗೆ ಅದನ್ನು ಹೇಳಿಕೊಡುವುದು ಸುಮಾರು 20,200 ಕಿ.ಮೀ. ಎತ್ತರದ ಜಿಪಿಎಸ್ ಉಪಗ್ರಹಗಳು. ಸಂಕೇತ ಹೊರಟ ಹೊತ್ತು, ತಲುಪಿದ ಹೊತ್ತು ನೋಡಿ ದೂರ ಅಳೆಯುವುದರಿಂದ ಉಪಗ್ರಹದ ಗಡಿಯಾರ ತಪ್ಪುವಂತಿಲ್ಲ.

ಆದರೆ ತಪ್ಪುತ್ತದೆ! ವೇಗವಾಗಿ ಓಡುವ ಗಡಿಯಾರ ನಿಧಾನವಾಗುತ್ತದೆ ಎಂಬುದು ಐನ್‌ಸ್ಟೈನ್ 1905ರಲ್ಲಿ ಹೇಳಿದ ಮಾತು. ಅದರಿಂದ ದಿನಕ್ಕೆ 7 ಮೈಕ್ರೋಸೆಕೆಂಡ್ ನಷ್ಟ. ಗುರುತ್ವ ಕಡಿಮೆಯಿದ್ದಲ್ಲಿ ಗಡಿಯಾರ ಚುರುಕಾಗುತ್ತದೆ ಎಂಬುದು 1915ರ ಸಿದ್ಧಾಂತದ ಫಲ. ಅದರಿಂದ 45 ಲಾಭ. ಕೂಡಿ ಕಳೆದರೆ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ. ಇಷ್ಟೇನಾ ಅನ್ನಬೇಡಿ. ಅಷ್ಟರಲ್ಲಿ ಬೆಳಕು 11 ಕಿ.ಮೀ. ದಾಟಿರುತ್ತದೆ. ತಿದ್ದದಿದ್ದರೆ ಮುರಡಿಗೆ ಹೊರಟವರು ಯಾರದೋ ಶೇಂಗಾ ಹೊಲದಲ್ಲಿ ನಿಲ್ಲಬೇಕಾದೀತು.

1977ರಲ್ಲಿ ಅಮೆರಿಕದ ಎಂಜಿನಿಯರುಗಳಲ್ಲೇ ಕೆಲವರಿಗೆ ಐನ್‌ಸ್ಟೈನ್‌ನ ಈ ಲೆಕ್ಕದಲ್ಲಿ ನಂಬಿಕೆ ಇರಲಿಲ್ಲ. ಎನ್‌ಟಿಎಸ್-2 ಉಪಗ್ರಹವನ್ನು ಹಾರಿಸಿ, ತಿದ್ದುಪಡಿಯ ಸ್ವಿಚ್ಚನ್ನು ಹಾಕದೆ ಸುಮಾರು 20 ದಿನ ಬಿಟ್ಟು ನೋಡಿದರು. ಗಡಿಯಾರ ಐನ್‌ಸ್ಟೈನ್ ಲೆಕ್ಕದಂತೆಯೇ ಮುಂದೆ ಓಡಿತು, ಸ್ವಿಚ್ ಹಾಕಿದರು. ಈಗ ನೆಲದಲ್ಲಿದ್ದಾಗಲೇ ಗಡಿಯಾರವನ್ನು ಕೂದಲೆಳೆಯಷ್ಟು ನಿಧಾನ ಮಾಡಿ ಕಳಿಸುತ್ತಾರೆ.

ಜಿಪಿಎಸ್‌ನಂತೆಯೇ ದಾರಿ ತೋರುವ ನಮ್ಮ ದೇಶದ ನಾವಿಕ್ ವ್ಯವಸ್ಥೆಗೂ ಈ ಲೆಕ್ಕ ತಪ್ಪಿದ್ದಲ್ಲ. ಅದರ ಇಸ್ರೋ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಭಾರತದಲ್ಲೇ ತಯಾರಾದ ರುಬಿಡಿಯಂ ಪರಮಾಣು ಗಡಿಯಾರವಿದೆ.