ಕೇಳದ ಪದವೂ ನೆನಪಾಗುತ್ತದೆ!

ಮನಶ್ಶಾಸ್ತ್ರದ ತರಗತಿಯಲ್ಲಿ ನೆನಪಿನ ಪಾಠವನ್ನು ನೋಟ್ಸ್ ಬರೆಸಿ ಮುಗಿಸುವುದಕ್ಕಿಂತ ಈ ಪ್ರಯೋಗ ಮಾಡಿಸುವುದು ಲೇಸು. ಹಾಸಿಗೆ, ದಿಂಬು, ಕನಸು, ಆಕಳಿಕೆ, ಗೊರಕೆ ಹೀಗೆ ಸುಮಾರು 15 ಪದಗಳನ್ನು ಉಪನ್ಯಾಸಕರು ನಿಧಾನವಾಗಿ ಓದಬೇಕು. ನಂತರ ನೆನಪಿರುವ ಪದಗಳನ್ನು ವಿದ್ಯಾರ್ಥಿಗಳು ಚೀಟಿಯಲ್ಲಿ ಬರೆಯಬೇಕು. ಓದದೇ ಇದ್ದ ‘ನಿದ್ದೆ’ಯನ್ನು ಹಲವರು ಬರೆದಿರುತ್ತಾರೆ. ‘ನೀವೇ ಓದಿದಿರಿ ಸರ್’ ಎಂದು ವಾದಿಸುವವರೂ ಉಂಟು! ಸಂಬಂಧಪಟ್ಟ ಪದಗಳೆಲ್ಲ ಸೇರಿ ಅದನ್ನು ಮನಸ್ಸಿಗೆ ತಂದಿರುತ್ತವೆ.

1959ರಲ್ಲಿ ಅಮೆರಿಕದ ಜೇಮ್ಸ್ ಡೀಸ್ ಪ್ರಕಟಿಸಿದ ಈ ವಿಧಾನವನ್ನು ರೋಡಿಗರ್ ಮತ್ತು ಮೆಕ್‌ಡರ್ಮಟ್ 1995ರಲ್ಲಿ ಬೆಳೆಸಿದರು.

ಪಾಠದ ತಿರುಳು ಇರುವುದು ನಂತರದ ಚರ್ಚೆಯಲ್ಲಿ. ‘ಕಣ್ಣಾರೆ ಕಂಡೆ’ ಎಂದು ನ್ಯಾಯಾಲಯದಲ್ಲಿ ಹೇಳುವ ಪ್ರಾಮಾಣಿಕ ಸಾಕ್ಷಿಯ ಮಾತೂ ತಪ್ಪಾಗಬಹುದೇ? ಇದಕ್ಕೆ ಅರ್ಧ ಗಂಟೆಯಾದರೂ ಬಿಡಿ. ಅಂದಹಾಗೆ, ಚೀಟಿಯಲ್ಲಿ ಹೆಸರು ಬರೆಸುವುದು ಬೇಡ.