ಹುಳುಕಡ್ಡಿಯಲ್ಲಿ ಹುಳುವಿಲ್ಲ

ಮಳೆಗಾಲ ಅರ್ಧ ಕಳೆದಿರುತ್ತದೆ. ಹಗ್ಗದ ಮೇಲೆ ಹರವಿದ ಬಟ್ಟೆ ಎರಡು ದಿನವಾದರೂ ಹಸಿಹಸಿ. ಸೊಂಟದಲ್ಲಿ, ಲಂಗದ ಲಾಡಿಯೋ ಬೆಲ್ಟೋ ಒತ್ತುವ ಜಾಗದಲ್ಲಿ, ನಾಲ್ಕಾಣೆಯಗಲದ ಒಂದು ಕೆಂಪು ಮಚ್ಚೆ ಏಳುತ್ತದೆ. ರಾತ್ರಿಯಿಡೀ ನವೆ. ಒಂದೆರಡು ವಾರದೊಳಗೆ ಮಚ್ಚೆ ಬಳೆಯಾಗುತ್ತದೆ: ಅಂಚು ಉಬ್ಬಿ ಕೆಂಪಗೆ, ನಡು ತಿಳಿ. ತೊಡೆಸಂದಿನಲ್ಲೂ ಇನ್ನೊಂದು ಕಾಣಿಸುತ್ತದೆ. ತೋರಿಸಿಕೊಳ್ಳಲು ನಾಚಿಕೆ. ಮೆಡಿಕಲ್ ಅಂಗಡಿಗೆ ಹೋಗಿ ಮೆಲುದನಿಯಲ್ಲಿ, "ಅಣ್ಣಾ, ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದರೆ ಮುಗಿಯಿತು. ಹಚ್ಚಿದ ಎರಡನೇ ದಿನಕ್ಕೆ ನವೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಒಳ್ಳೆಯ ಮದ್ದು ಎಂದು ಅದೇ ಟ್ಯೂಬು ತಂಗಿಗೆ, ಅತ್ತೆಗೆ, ಪಕ್ಕದ ಮನೆಗೆ ಹೋಗುತ್ತದೆ.

ಆ ಎರಡನೇ ದಿನದ ಸುಖ ನಮ್ಮ ನಾಡಿನ ಚರ್ಮಕ್ಕೆ ಎಷ್ಟು ದುಬಾರಿಯಾಗಿದೆ ಎಂಬುದೇ ಈ ಅಧ್ಯಾಯದ ವಿಷಯ.

ಹುಳುಕಡ್ಡಿ, ಗಜಕರ್ಣ ಎಂದೆಲ್ಲ ನಾವು ಕರೆಯುವ ಈ ರೋಗದಲ್ಲಿ ಹುಳು ಇಲ್ಲ. ಇಂಗ್ಲಿಷಿನವರೂ ಇದಕ್ಕೆ ಹುಳುವಿನ ಹೆಸರನ್ನೇ ಇಟ್ಟರು. ಚರ್ಮದಡಿ ಏನೋ ಸುತ್ತಿ ಮಲಗಿದಂತೆ ಕಾಣುತ್ತದಲ್ಲ! ನಿಜವಾದ ಕಾರಣ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ. ಇದು ಗೊತ್ತಾದ ದಾರಿಗೂ ರೇಷ್ಮೆಗೂ ನಂಟಿದೆ. ರಾಮನಗರ, ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರಿಗೆ ಸುಣ್ಣಕಟ್ಟು ರೋಗ ಚೆನ್ನಾಗಿ ಗೊತ್ತು: ಸತ್ತ ಹುಳು ಗಟ್ಟಿಯಾಗಿ, ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಇಟಲಿಯ ಅಗೋಸ್ಟಿನೊ ಬಾಸ್ಸಿ ಈ ರೋಗವನ್ನು ವರ್ಷಗಟ್ಟಲೆ ಪರೀಕ್ಷಿಸಿ, ಅದಕ್ಕೆ ಕಾರಣ ಒಂದು ಶಿಲೀಂಧ್ರ ಎಂದು 1835ರಲ್ಲಿ ಪ್ರಕಟಿಸಿದ. ಅದನ್ನು ಓದಿದ ಜರ್ಮನಿಯ ವೈದ್ಯ ಶೋನ್‌ಲೈನ್‌ಗೆ ಮನುಷ್ಯರಲ್ಲೂ ಹೀಗಿರಬಹುದೇ ಎಂಬ ಯೋಚನೆ ಬಂತು. 1839ರಲ್ಲಿ ಆತ ತಲೆಯ ಹಕ್ಕಳೆಯ ರೋಗವೊಂದರಲ್ಲಿ ಶಿಲೀಂಧ್ರದ ಎಳೆಗಳನ್ನು ಕಂಡ. ಎರಡು ವರ್ಷಗಳ ಬಳಿಕ ಪ್ಯಾರಿಸ್ಸಿನಲ್ಲಿ ಡೇವಿಡ್ ಗ್ರೂಬಿ ಅದನ್ನೇ ಇನ್ನಷ್ಟು ವಿವರವಾಗಿ ತೋರಿಸಿದ. ಪಾಶ್ಚರ್, ಕಾಖ್ ಅವರು ಬ್ಯಾಕ್ಟೀರಿಯಾಗಳ ಕಥೆ ಹೇಳುವುದಕ್ಕೆ ಎಷ್ಟೋ ಮುಂಚಿನ ಮಾತು ಇದು. ಮನುಷ್ಯನ ರೋಗಕ್ಕೆ ಕಣ್ಣಿಗೆ ಕಾಣದ ಜೀವಿ ಕಾರಣವೆಂದು ತೋರಿಸಿದ ಮೊದಮೊದಲ ಕೆಲಸಗಳಲ್ಲಿ ಇದೂ ಒಂದು. ಚರ್ಮರೋಗವೆಂದರೆ ಸಣ್ಣ ರೋಗ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ಈ ಶಿಲೀಂಧ್ರದ ಆಹಾರ ಕೆರಾಟಿನ್. ನಮ್ಮ ಉಗುರು, ಕೂದಲು, ಚರ್ಮದ ತೀರಾ ಮೇಲಿನ ಸತ್ತ ಪದರ, ಎಲ್ಲವೂ ಆ ಪ್ರೋಟೀನಿನಿಂದಲೇ ಆದದ್ದು. ಶಿಲೀಂಧ್ರ ಆ ಸತ್ತ ಪದರದಲ್ಲಿ ನೆಲೆಸಿ, ಬಿದ್ದ ಜಾಗದಿಂದ ಸುತ್ತಲೂ ಮೇಯುತ್ತಾ ಹೋಗುತ್ತದೆ. ದೇಹ ಸುಮ್ಮನಿರುವುದಿಲ್ಲ. ಕೆಳಗಿನ ಜೀವಂತ ಪದರಗಳಿಗೆ ಬಿಳಿ ರಕ್ತಕಣಗಳು ಧಾವಿಸುತ್ತವೆ, ರಕ್ತನಾಳಗಳು ಹಿಗ್ಗುತ್ತವೆ, ಚರ್ಮ ಬೇಗಬೇಗ ಹೊಟ್ಟು ಉದುರಿಸಿ ಶಿಲೀಂಧ್ರವನ್ನು ಹೊರತಳ್ಳಲು ನೋಡುತ್ತದೆ. ನಡುವಿನಲ್ಲಿ ದೇಹ ಒಂದಿಷ್ಟು ಗೆದ್ದಿರುತ್ತದೆ, ಅಂಚಿನಲ್ಲಿ ಕಾದಾಟ ನಡೆದಿರುತ್ತದೆ. ಬಳೆಯ ಆಕಾರ ಬರುವುದು ಹೀಗೆ. ನಮ್ಮನ್ನು ಕಾಡುವ ಆ ಕೆಂಪು, ಆ ನವೆ, ಬಹುಪಾಲು ನಮ್ಮದೇ ದೇಹದ ಹೋರಾಟದ ಗುರುತು.

ಈಗ ಆ ಟ್ಯೂಬಿನ ಒಳಗೇನಿದೆ ನೋಡೋಣ. 1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಚರ್ಮಕ್ಕೆ ಹಚ್ಚಿ ಇಸುಬು ವಾಸಿಯಾಗುವುದನ್ನು ತೋರಿಸಿದರು. ಚರ್ಮವೈದ್ಯದ ಚರಿತ್ರೆಯಲ್ಲಿ ಅದು ದೊಡ್ಡ ದಿನ. ಇಸುಬು, ಸೋರಿಯಾಸಿಸ್, ತೊನ್ನಿನಂಥ ರೋಗಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಉರಿದೆದ್ದಿರುತ್ತದೆ. ಸ್ಟೀರಾಯ್ಡ್ ಅದನ್ನು ತಣಿಸುತ್ತದೆ. ಸರಿಯಾದ ರೋಗಕ್ಕೆ, ಸರಿಯಾದ ಬಲದ್ದನ್ನು, ಹೇಳಿದಷ್ಟು ದಿನ ಹಚ್ಚಿದರೆ ಅದಕ್ಕಿಂತ ಒಳ್ಳೆಯ ಮದ್ದು ಕಡಿಮೆ. ಆದ್ದರಿಂದ ಇದನ್ನು ಓದಿದ ಯಾರೂ ಮಗುವಿನ ಇಸುಬಿಗೆ ವೈದ್ಯರು ಕೊಟ್ಟ ಮುಲಾಮನ್ನು ಹೆದರಿ ಬಿಡಬೇಡಿ.

ಆದರೆ ಹುಳುಕಡ್ಡಿಯಲ್ಲಿ ಉರಿದೆದ್ದಿರುವ ಆ ರಕ್ಷಣೆ ನಮಗೆ ಬೇಕಾದದ್ದು. ಅಲ್ಲಿಗೆ ಸ್ಟೀರಾಯ್ಡ್ ಹಚ್ಚುವುದೆಂದರೆ ಕಳ್ಳ ಮನೆಯೊಳಗಿರುವಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ಸದ್ದು ನಿಲ್ಲುತ್ತದೆ, ಕಳ್ಳ ನಿಲ್ಲುವುದಿಲ್ಲ. ಶಿಲೀಂಧ್ರ ಅಡ್ಡಿಯಿಲ್ಲದೆ ಹರಡುತ್ತದೆ. ಮುಲಾಮು ನಿಲ್ಲಿಸಿದ ಕೆಲವೇ ದಿನಗಳಲ್ಲಿ ನವೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ಮತ್ತೆ ಅದೇ ಟ್ಯೂಬು. ಹೀಗೆ ತಿಂಗಳುಗಳು ಉರುಳಿದರೆ ಬಳೆಯ ಆಕಾರವೇ ಅಳಿಸಿಹೋಗಿ, ಒಂದರೊಳಗೊಂದು ಬಳೆಗಳು ಹುಟ್ಟಿ, ತಜ್ಞರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಇಂಥ ವೇಷ ಮರೆಸಿಕೊಂಡ ಹುಳುಕಡ್ಡಿಯನ್ನು ಬ್ರಿಟನ್ನಿನ ವೈದ್ಯರಾದ ಐವ್ ಮತ್ತು ಮಾರ್ಕ್ಸ್ 1968ರಲ್ಲೇ ವರ್ಣಿಸಿದ್ದರು. ಅಲ್ಲಿ ಅದು ಅಪರೂಪದ ಕುತೂಹಲವಾಗಿತ್ತು. ನಮ್ಮ ಚರ್ಮವೈದ್ಯರ ಕೋಣೆಯಲ್ಲಿ ಅದು ದಿನನಿತ್ಯದ ನೋಟ.

ಕಾರಣ, ನಮ್ಮ ಮಾರುಕಟ್ಟೆಯ ಕಲಬೆರಕೆ ಮುಲಾಮುಗಳು. ಒಂದೇ ಟ್ಯೂಬಿನಲ್ಲಿ ಕ್ಲೋಬೆಟಸಾಲ್ ಎಂಬ ಅತಿ ಪ್ರಬಲ ಸ್ಟೀರಾಯ್ಡ್, ಒಂದು ಶಿಲೀಂಧ್ರನಾಶಕ, ಮೇಲೆ ಒಂದೆರಡು ಬ್ಯಾಕ್ಟೀರಿಯಾನಾಶಕ. ರೋಗ ಯಾವುದಾದರೂ ಇರಲಿ, ಯಾವುದೋ ಒಂದು ತಗಲುತ್ತದೆ ಎಂಬ ಲೆಕ್ಕ. ಕ್ಲೋಬೆಟಸಾಲ್ ಹೈಡ್ರೋಕಾರ್ಟಿಸೋನಿಗಿಂತ ನೂರಾರು ಪಟ್ಟು ಬಲವಾದದ್ದು. ತೊಡೆಸಂದಿನ ತೆಳು ಚರ್ಮಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತಾಗಿ, ಬಸುರಿಯ ಹೊಟ್ಟೆಯ ಗೆರೆಗಳಂಥ ಸೀಳುಗೆರೆಗಳು ಮೂಡುತ್ತವೆ. ಹುಳುಕಡ್ಡಿ ಹೋಗಬಹುದು, ಆ ಗೆರೆ ಹೋಗುವುದಿಲ್ಲ. ಹದಿನೆಂಟು-ಇಪ್ಪತ್ತರ ಹುಡುಗರ ತೊಡೆಯ ಮೇಲೆ ಜೀವನಪೂರ್ತಿ ಉಳಿಯುವ ಗೆರೆ ಅದು. ಮೆಡಿಕಲ್ ಅಂಗಡಿಯವರನ್ನು ಬಯ್ಯುವುದು ಸುಲಭ, ಅವರ ಪಾಲೂ ಇದೆ. ಆದರೆ ಇಂಥ ಮಿಶ್ರಣವನ್ನು ತಯಾರಿಸಿ, ಅಗ್ಗವಾಗಿ ಹಳ್ಳಿಹಳ್ಳಿಗೆ ಮುಟ್ಟಿಸಿದವರ ಹೊಣೆ ಅದಕ್ಕಿಂತ ದೊಡ್ಡದು ಎಂದು ನಾನು ನಂಬುತ್ತೇನೆ.

ಮುಖದ ಕಥೆ ಇನ್ನೂ ನೋವಿನದು. ಬಂಗಿಗೆ, ಮೊಡವೆಗೆ, ಕಡೆಗೆ ಬಿಳುಪಾಗಲೆಂದೂ ಇದೇ ಬಗೆಯ ಮುಲಾಮುಗಳನ್ನು ಹಚ್ಚುತ್ತಾರೆ. ಭಾರತದ ಹಲವು ಊರುಗಳ ಚರ್ಮವೈದ್ಯರು ಸೇರಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ತೊಂದರೆಯೆಂದು ಬಂದ 2926 ಮಂದಿಯ ಪೈಕಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಮೊದಲು ಮುಖ ತಿಳಿಯಾಗುತ್ತದೆ. ಆಮೇಲೆ ಕೆಂಪು, ಮೊಡವೆ, ಬೇಡದ ಕೂದಲು. ಬಿಸಿಲಿಗೆ ಹೋದರೆ ಉರಿ, ಬಿಟ್ಟರೆ ಇನ್ನೂ ಉರಿ. ಅದರಿಂದ ಹೊರಬರಲು ತಿಂಗಳುಗಳೇ ಬೇಕು. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ 328 ಔಷಧ ಮಿಶ್ರಣಗಳನ್ನು ನಿಷೇಧಿಸಿದಾಗ ಅವುಗಳಲ್ಲಿ ಇಂಥ ಮುಲಾಮುಗಳೂ ಇದ್ದವು. ಕಾನೂನು ಇದೆ. ಚೀಟಿ ಕೇಳದೆ ಕೊಡುವ ಅಂಗಡಿಗಳೂ ಇವೆ.

ಇಷ್ಟರ ನಡುವೆ ಶಿಲೀಂಧ್ರವೂ ಬದಲಾಯಿತು. ನಮ್ಮಲ್ಲಿ ಹಿಂದೆ ಹೆಚ್ಚಾಗಿದ್ದ ಜಾತಿಯನ್ನು ಹಿಂದೆ ಹಾಕಿ ಇನ್ನೊಂದು ಮುನ್ನುಗ್ಗಿತು. ಟರ್ಬಿನಾಫಿನ್ ಎಂಬ ಮುಖ್ಯ ಔಷಧ ಶಿಲೀಂಧ್ರದ ಯಾವ ಕಿಣ್ವಕ್ಕೆ ಬೀಗ ಹಾಕುತ್ತದೋ ಆ ಕಿಣ್ವದ ಜೀನೇ ಇದರಲ್ಲಿ ಅನೇಕ ಸಲ ಮಾರ್ಪಟ್ಟಿರುತ್ತದೆ, ಔಷಧ ನಾಟುವುದಿಲ್ಲ. 2020ರಲ್ಲಿ ಜಪಾನಿನ ಸಂಶೋಧಕರು ಅಲ್ಲಿದ್ದ ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ಇದನ್ನು ಗುರುತಿಸಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. 2023ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ನ್ಯೂಯಾರ್ಕಿನ ಇಬ್ಬರು ಮಹಿಳೆಯರಲ್ಲಿ ಇದನ್ನು ವರದಿ ಮಾಡಿತು. ಸ್ಟೀರಾಯ್ಡ್ ಮುಲಾಮಿನ ದುರ್ಬಳಕೆ, ಅರ್ಧಕ್ಕೆ ಬಿಟ್ಟ ಚಿಕಿತ್ಸೆ, ಇವು ಈ ಹರಡುವಿಕೆಗೆ ನೀರೆರೆದಿವೆ ಎಂಬುದು ಚರ್ಮವೈದ್ಯರ ಅಭಿಪ್ರಾಯ.

ಹಾಗಾದರೆ ಚರ್ಮವೈದ್ಯರು ಏನು ಮಾಡುತ್ತಾರೆ? ಮೊದಲು ನೋಡುತ್ತಾರೆ. ತೋರಿಸಿದ ಒಂದು ಮಚ್ಚೆಯನ್ನಲ್ಲ. ಕಂಕುಳು, ತೊಡೆಸಂದು, ಕಾಲ್ಬೆರಳ ಸಂದು, ಉಗುರು, ನೆತ್ತಿ, ಎಲ್ಲವನ್ನೂ ಒಳ್ಳೆಯ ಬೆಳಕಿನಲ್ಲಿ. ಮನೆಯಲ್ಲಿ ಇನ್ಯಾರಿಗಿದೆ ಎಂದು ಕೇಳುತ್ತಾರೆ. ಅನುಮಾನವಿದ್ದರೆ ಅಂಚಿನ ಹೊಟ್ಟನ್ನು ಮೊಂಡು ಅಲಗಿನಿಂದ ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಡುತ್ತಾರೆ. ಚರ್ಮದ ಕೆರಾಟಿನ್ ಕರಗಿ, ಶಿಲೀಂಧ್ರದ ಕವಲೊಡೆದ ಎಳೆಗಳು ಮಾತ್ರ ಸೂಕ್ಷ್ಮದರ್ಶಕದಡಿ ಉಳಿಯುತ್ತವೆ. ಇಷ್ಟು ಸರಳ, ಇಷ್ಟು ಅಗ್ಗದ ಪರೀಕ್ಷೆ ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಇದೆಲ್ಲ ಏಕೆಂದರೆ, ಹುಳುಕಡ್ಡಿಯಂತೆ ಕಾಣುವುದೆಲ್ಲ ಹುಳುಕಡ್ಡಿಯಲ್ಲ. ನಾಣ್ಯದಂತೆ ದುಂಡಗಿದ್ದು ರಸ ಒಸರಿದರೆ ಇಸುಬು ಇರಬಹುದು. ಮೊಣಕೈ, ಮಂಡಿ, ನೆತ್ತಿಯ ಮೇಲೆ ಬೆಳ್ಳಿಯ ಬಣ್ಣದ ದಪ್ಪ ಹೊಟ್ಟಿದ್ದರೆ ಸೋರಿಯಾಸಿಸ್. ಎದೆ, ಬೆನ್ನಿನ ಮೇಲೆ ಮಾಸಲು ಚುಕ್ಕೆಗಳು ಹರಡಿದ್ದರೆ ಚಿಬ್ಬು. ಅದೂ ಶಿಲೀಂಧ್ರವೇ, ಆದರೆ ಬೇರೆ ಕುಲದ್ದು, ನವೆ ಕಡಿಮೆ, ವಾಸಿಯಾದರೂ ಚರ್ಮದ ಬಣ್ಣ ಮರಳಲು ತಿಂಗಳುಗಳು ಹಿಡಿಯುತ್ತವೆ. ರಾತ್ರಿ ಮನೆಮಂದಿಯೆಲ್ಲ ಕೆರೆದುಕೊಳ್ಳುತ್ತಿದ್ದರೆ, ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ಸಣ್ಣ ಗುಳ್ಳೆಗಳಿದ್ದರೆ ಅದು ಕಜ್ಜಿ. ಅಲ್ಲಿ ಮಾತ್ರ ನಿಜವಾಗಿಯೂ ಚರ್ಮವನ್ನು ಕೊರೆಯುವ ಪುಟ್ಟ ಜೀವಿಯೊಂದು ಇದೆ, ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ನವೆ ಇಲ್ಲದವರನ್ನೂ ಸೇರಿಸಿ ಮನೆಯವರೆಲ್ಲ ಒಂದೇ ರಾತ್ರಿ ಮುಲಾಮು ಹಚ್ಚಿಕೊಳ್ಳದಿದ್ದರೆ ಅದು ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಇನ್ನು, ನವೆಯೇ ಇಲ್ಲದ, ಮುಟ್ಟಿದರೆ ಸ್ಪರ್ಶವೇ ತಿಳಿಯದ ಮಾಸಲು ಅಥವಾ ಕೆಂಪು ಮಚ್ಚೆ. ವೈದ್ಯರು ಹತ್ತಿಯ ಎಳೆಯಿಂದ ಸವರಿ ನೋಡುವುದು ಅದಕ್ಕೇ. ಅದು ಕುಷ್ಠವಾಗಿರಬಹುದು. 6 ಅಥವಾ 12 ತಿಂಗಳ ಬಹುಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ರೋಗ ಪೂರ್ತಿ ವಾಸಿಯಾಗುತ್ತದೆ. ಅದರ ಮೇಲೆ ಹುಳುಕಡ್ಡಿಯ ಟ್ಯೂಬು ಹಚ್ಚುತ್ತಾ ವರ್ಷ ಕಳೆದರೆ ನರಗಳಿಗಾಗುವ ಹಾನಿ ಮರಳಿ ಸರಿಯಾಗದು.

ಹುಳುಕಡ್ಡಿ ಎಂದು ಖಚಿತವಾದ ಮೇಲೆ ಚಿಕಿತ್ಸೆಗೆ ತಾಳ್ಮೆ ಬೇಕು. ಚಿಕ್ಕ ಮಚ್ಚೆಗೆ ಸ್ಟೀರಾಯ್ಡ್ ಇಲ್ಲದ ಶಿಲೀಂಧ್ರನಾಶಕ ಮುಲಾಮು ಸಾಕಾಗಬಹುದು. ಅದನ್ನು ಕಾಣುವ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು. ಶಿಲೀಂಧ್ರ ಕಣ್ಣಿಗೆ ಕಾಣುವುದಕ್ಕಿಂತ ಮುಂದಕ್ಕೆ ಹೋಗಿರುತ್ತದೆ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಎರಡು ಅಂಗೈಯಷ್ಟು ಜಾಗಕ್ಕೆ ಅದು ಅಳತೆ. ಹೆಚ್ಚು ಹರಡಿದ್ದರೆ, ಉಗುರಿಗೋ ಮಕ್ಕಳ ನೆತ್ತಿಗೋ ಹತ್ತಿದ್ದರೆ, ಗುಳಿಗೆ ಬೇಕೇ ಬೇಕು. ಕೂದಲ ಬುಡಕ್ಕೆ ಮುಲಾಮು ಇಳಿಯುವುದಿಲ್ಲ. ಟರ್ಬಿನಾಫಿನ್ ಕೊಡುವ ಮುನ್ನ ಯಕೃತ್ತಿನ ತೊಂದರೆ ಇದೆಯೇ ಎಂದು ಕೇಳುತ್ತಾರೆ. ಇಟ್ರಕೊನಜೋಲ್ ಕ್ಯಾಪ್ಸೂಲನ್ನು ಊಟವಾದ ಕೂಡಲೆ ನುಂಗಬೇಕು. ಆಸಿಡಿಟಿ ಮಾತ್ರೆಯ ಜೊತೆ ತೆಗೆದುಕೊಂಡರೆ ಮೈಗೆ ಹತ್ತುವುದಿಲ್ಲ, ಹೃದಯದ ದೌರ್ಬಲ್ಯ ಇರುವವರಿಗೆ ಅದನ್ನು ಕೊಡುವುದಿಲ್ಲ. ಬಸುರಿಯರು ಮೊದಲೇ ತಿಳಿಸಬೇಕು. ಮಚ್ಚೆ ಮಾಯವಾಯಿತೆಂದು ಅಂದೇ ನಿಲ್ಲಿಸಬಾರದು. ಹೊಸ ಚರ್ಮ ಕೆಳಗಿನಿಂದ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು. ಅದಕ್ಕೇ ವೈದ್ಯರು ಮಚ್ಚೆ ಹೋದ ಮೇಲೂ ಎರಡು ವಾರ ಮುಂದುವರಿಸಿ ಎನ್ನುವುದು. ಕಾಲಿನ ಉಗುರು ಪೂರ್ತಿ ಹೊಸದಾಗಲು ವರ್ಷವೇ ಹಿಡಿಯುತ್ತದೆ.

ಮನೆಯ ಕೆಲಸವೂ ಅಷ್ಟೇ ಮುಖ್ಯ. ಉದುರಿದ ಹೊಟ್ಟಿನಲ್ಲಿ ಶಿಲೀಂಧ್ರ ತಿಂಗಳುಗಟ್ಟಲೆ ಬದುಕಿರಬಲ್ಲದು. ಟವಲು, ಒಳಉಡುಪು, ಹೊದಿಕೆ ಪ್ರತಿಯೊಬ್ಬರದೂ ಬೇರೆ ಇರಲಿ. ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಬಿಸಿಲಿಲ್ಲದ ದಿನ ಇಸ್ತ್ರಿ ಮಾಡಿ. ಬಿಗಿ ಜೀನ್ಸ್ ಬಿಟ್ಟು ಸಡಿಲ ಹತ್ತಿ ಬಟ್ಟೆ ತೊಡಿ. ಉಡಿದಾರ ಕಟ್ಟಿಕೊಳ್ಳುವವರು ಚಿಕಿತ್ಸೆ ಮುಗಿಯುವವರೆಗೆ ಅದನ್ನು ತೆಗೆದಿಡಿ. ಸದಾ ಒದ್ದೆಯಾಗಿರುವ ಆ ದಾರದಲ್ಲಿ ಶಿಲೀಂಧ್ರ ಹಾಯಾಗಿರುತ್ತದೆ. ವಾಸಿಯಾದ ಮೇಲೆ ಹೊಸ ದಾರ ಕಟ್ಟಿಕೊಳ್ಳಬಹುದು. ಬೆಳ್ಳುಳ್ಳಿ ಜಜ್ಜಿ ಕಟ್ಟಬೇಡಿ, ಅದು ಚರ್ಮವನ್ನು ಸುಡುತ್ತದೆ.

ಈಗ ಎದ್ದು ನಿಮ್ಮ ಮನೆಯ ಕಪಾಟಿನಲ್ಲಿರುವ ಟ್ಯೂಬನ್ನು ತೆಗೆದು ಅದರ ಮೇಲಿನ ಸಣ್ಣ ಅಕ್ಷರ ಓದಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಇವುಗಳಲ್ಲಿ ಯಾವ ಹೆಸರಿದ್ದರೂ ವೈದ್ಯರು ಹೇಳದೆ ಹಚ್ಚಬೇಡಿ, ಯಾರಿಗೂ ಕೊಡಬೇಡಿ. ಜಿಲ್ಲಾಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋಗಿ. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಒಂದನ್ನೂ ಮುಚ್ಚಿಡಬೇಡಿ.